ತೊಗರಿ ಕಿತ್ತ ಮೇಲೆ ಬಂದ ಮಳೆ

ಸಣ್ಣವಳಿದ್ದಾಗ ನಾನು ಅವ್ವನ ಜೊತೆ ಕುರ್ಡಿ ಸೀಮೆಯ ಹೊಲಗಳಿಗೆ ಹೋಗುತ್ತಿದ್ದೆ. ಅವ್ವ ಕಳೆ ತೆಗೆಯುವ ಕೂಲಿಗೆ, ನಾನು ಸುಮ್ಮನೆ ಅವಳ ಹಿಂದೆ. ಆ ಬಯಲಿನಲ್ಲಿ ಮಳೆ ಬಂದರೆ ಓಡಿಹೋಗಿ ನಿಲ್ಲಲು ಹತ್ತಿರದಲ್ಲೊಂದು ಮರವೂ ಇರುತ್ತಿರಲಿಲ್ಲ. ಮೋಡ ಕವಿದರೆ ಅವ್ವ ನನ್ನ ರಟ್ಟೆ ಹಿಡಿದು ತೊಗರಿ ಸಾಲಿನೊಳಗೆ ತಳ್ಳುತ್ತಿದ್ದಳು. "ಬುಡಕ್ಕ ಕುಂದ್ರು ಬೇ, ಅಲಗ್ಯಾಡಬ್ಯಾಡ" ಎನ್ನುತ್ತಿದ್ದಳು. ಸಣ್ಣ ಮಳೆಯಾದರೆ ನನ್ನ ತಲೆಗೆ ಹನಿಯೇ ತಾಗುತ್ತಿರಲಿಲ್ಲ. ಮೇಲೆ ಎಲೆಗಳಲ್ಲಿ ಸರಸರ ಸದ್ದು; ಕೆಳಗೆ ನನ್ನ ಕಾಲ ಬಳಿ ಒಣ ಮಣ್ಣು, ಇರುವೆಗಳು ತಮ್ಮ ಪಾಡಿಗೆ ಹರಿದಾಡುತ್ತಿದ್ದವು. ದೊಡ್ಡ ಮಳೆಯಾದರೆ ಹಾಗಲ್ಲ. ಗಿಡ ಸ್ವಲ್ಪ ಹೊತ್ತು ತಡೆಯುತ್ತಿತ್ತು, ಆಮೇಲೆ ಎಲೆ ಎಲೆಯಿಂದಲೂ ನೀರಿಳಿಯುತ್ತಿತ್ತು. ಹೊರಗೆ ಬಿಸಿಲು ಬಿದ್ದ ಮೇಲೂ ಸಾಲಿನೊಳಗೆ ತೊಟ್ಟಿಕ್ಕುತ್ತಲೇ ಇರುತ್ತಿತ್ತು.

ಓದು ಮುಗಿಸಿ ರಾಯಚೂರಿನಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಸಿಕ್ಕಿದ್ದು ಇದನ್ನೇ ಅಳೆಯುವ ಕೆಲಸ. ಬೆಳೆಯ ಮೇಲೆ ಎಷ್ಟು ಮಳೆ ಬೀಳುತ್ತದೆ, ಅದರಲ್ಲಿ ಎಷ್ಟನ್ನು ಎಲೆಗಳು ಹಿಡಿದಿಟ್ಟುಕೊಳ್ಳುತ್ತವೆ, ಎಷ್ಟು ಕಾಂಡದ ಗುಂಟ ಇಳಿಯುತ್ತದೆ, ನೆಲಕ್ಕೆ ಎಷ್ಟು ಮುಟ್ಟುತ್ತದೆ ಎಂದು ನೋಡುವುದು. ಅವ್ವನಿಗೆ ಹೇಳಿದಾಗ ಅವಳು ನಕ್ಕಳು. "ಅದನ್ನ ತಿಳ್ಕೊಳ್ಳಾಕ ಇಷ್ಟು ಓದಬೇಕಾತೇನ ಬೇ?" ಎಂದಳು. ನನಗೂ ನಗು ಬಂತು. ಆಗ ಆ ಕೆಲಸದಲ್ಲಿ ಅಂಜುವಂಥದ್ದು ಏನಾದರೂ ಇದೆ ಎಂದು ನಮಗಿಬ್ಬರಿಗೂ ಅನ್ನಿಸಿರಲಿಲ್ಲ.

ನಮ್ಮ ಅಳತೆಗೆ ಆರಿಸಿದ ಹೊಲ ದೇವದುರ್ಗದ ರಸ್ತೆಯಲ್ಲಿ, ಗಬ್ಬೂರಿನಾಚೆ ಇತ್ತು. ಬಸ್ಸಿಳಿದು ಎರೆಮಣ್ಣಿನ ದಾರಿ ಹಿಡಿದು ನಡೆದರೆ ಒಂದು ಇಳಿಜಾರು ಸಿಗುತ್ತಿತ್ತು. ಇಳಿಜಾರಿನ ತುಂಬ ತೊಗರಿ. ಅದರ ನಡುವೆ ನೆಲಕ್ಕೆ ಹಬ್ಬಿದ ಮಡಿಕೆ ಕಾಳಿನ ಬಳ್ಳಿ. ಇಳಿಜಾರಿನ ಕೆಳಗೆ ಕಲ್ಲು ಕಟ್ಟಿದ ಹಳೆಯ ಬಾವಿ, ಬಾವಿಯಾಚೆ ಮೆಣಸಿನಕಾಯಿ ಮಡಿಗಳು, ಅದಕ್ಕೂ ಕೆಳಗೆ ಕೃಷ್ಣೆಯ ಕಡೆ ಹರಿಯುವ ಹಳ್ಳ. ಬಾವಿಯಿಂದ ತುಸು ದೂರದಲ್ಲಿ, ಎತ್ತರದ ದಿಬ್ಬದ ಮೇಲೆ, ಹೊಲದವರ ಗುಡಿಸಲು. ಅಲ್ಲಿ ಗಂಡ ಹೆಂಡತಿ ಇಬ್ಬರೇ. ಹಿಂದೆ ಕುರಿ ಕಾಯ್ದುಕೊಂಡು ಊರೂರು ತಿರುಗಿದ ಮಂದಿ. ಈಗ ನಾಲ್ಕು ಕುರಿ ಇಟ್ಟುಕೊಂಡು ಹೊಲದಲ್ಲೇ ನೆಲೆ ನಿಂತಿದ್ದರು. ನಾನು ಅವರನ್ನು ಕಾಕಾ, ಚಿಗವ್ವ ಎಂದು ಕರೆಯತೊಡಗಿದೆ.

ಮೊದಲ ದಿನ ಚಿಗವ್ವ ನನ್ನ ಊರು ಕೇಳಿದಳು, ಓಣಿ ಕೇಳಿದಳು. ನಾನು ಮುಚ್ಚಿಡದೆ ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಕುರ್ಡಿಯ ಹೊಲಗಳಲ್ಲಿ ಅವ್ವ ಬೊಗಸೆಯೊಡ್ಡಿ ನಿಲ್ಲುತ್ತಿದ್ದದ್ದು, ಯಾರಾದರೂ ಮೇಲಿನಿಂದ ನೀರು ಹೊಯ್ಯುವ ತನಕ ಕಾಯುತ್ತಿದ್ದದ್ದು ನನಗೆ ನೆನಪಾಯಿತು. ಎದ್ದು ಹೋಗೋಣವೆಂದುಕೊಂಡೆ. ಅಷ್ಟರಲ್ಲಿ ಚಿಗವ್ವ ಹಗ್ಗ ಕಟ್ಟಿದ ಕೊಡ ತಂದು ನನ್ನ ಕೈಗಿಟ್ಟಳು.

"ನೀನ ಸೇದ್ಕೋ ಯವ್ವಾ. ನನ್ನ ರಟ್ಟಿ ನೋಯಾಕತ್ತಾವ" ಎಂದಳು.

ಅವಳ ರಟ್ಟೆಗೆ ಏನೂ ಆಗಿರಲಿಲ್ಲ. ನಾನು ಬಾವಿಗೆ ಬಗ್ಗಿ ನೀರು ಸೇದಿದೆ. ತಣ್ಣಗಿತ್ತು. ಮನೆಗೆ ಬಂದು ಅದನ್ನು ಅವ್ವನಿಗೆ ಹೇಳಿದೆ. ಆಮೇಲೆ ನಾನು ಹೊಲಕ್ಕೆ ಹೊರಟಾಗಲೆಲ್ಲ ಅವಳು ಚಿಗವ್ವನಿಗೆಂದು ಏನಾದರೊಂದು ಕಟ್ಟಿಕೊಡತೊಡಗಿದಳು. ಸಜ್ಜೆ ರೊಟ್ಟಿಯೋ, ಶೇಂಗಾ ಹಿಂಡಿಯೋ.

ನನ್ನ ಉಪಕರಣಗಳು ಬಹಳ ಸರಳ. ಬಯಲಿನಲ್ಲಿ ಒಂದು ಮಳೆ ಅಳೆಯುವ ಡಬ್ಬಿ. ತೊಗರಿ ಸಾಲಿನೊಳಗೆ, ಎಲೆಗಳ ಅಡಿಯಲ್ಲಿ, ಉದ್ದನೆಯ ತಗಡಿನ ದೋಣಿಗಳು. ಅವುಗಳಿಗೆ ಬಿದ್ದ ನೀರು ಕೊಳವೆಯ ಮೂಲಕ ಬೇರೆ ಡಬ್ಬಿಗಳಿಗೆ ಇಳಿಯುತ್ತಿತ್ತು. ಕೆಲವು ಗಿಡಗಳ ಕಾಂಡಕ್ಕೆ ರಬ್ಬರಿನ ಪಟ್ಟಿ ಸುತ್ತಿ, ತೊಗಟೆಯ ಗುಂಟ ಇಳಿದು ಬರುವ ನೀರನ್ನೂ ಹಿಡಿಯುತ್ತಿದ್ದೆವು. ಮಳೆ ಬಂದು ಹೋದ ಮೇಲೆ ನಾನು ಎಲ್ಲ ಡಬ್ಬಿಗಳನ್ನು ತೆರೆದು ನೋಡುತ್ತಿದ್ದೆ. ಕಾಕಾ ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಇಣುಕುತ್ತಿದ್ದರು. ಮೊದಲ ವರ್ಷ ಮಳೆ ಹದವಾಗಿ ಬಂದು ಹೋಯಿತು. ನೋಡಲು ಅಂಥ ವಿಶೇಷವೇನೂ ಇರಲಿಲ್ಲ.

ಎರಡನೆಯ ವರ್ಷ ಮಳೆ ಬರುತ್ತಿತ್ತು, ಆದರೆ ಮಳೆಯ ಹಾಗೆ ಬರುತ್ತಿರಲಿಲ್ಲ. ಬೆಳಗ್ಗೆ ಎದ್ದರೆ ಬೂದು ಬಣ್ಣದ ಆಕಾಶ. ನಡು ಹಗಲಿಗೆ ತುಂತುರು, ಸ್ವಲ್ಪ ಹೊತ್ತಿಗೆ ಬಿಸಿ ಗಾಳಿ, ಸಂಜೆ ಮತ್ತೆ ತುಂತುರು. ಹೀಗೆ ವಾರಗಟ್ಟಲೆ. ರಾಯಚೂರಿನ ಬೀದಿಗಳಲ್ಲಿ ಕೆಸರಿತ್ತು, ಬಟ್ಟೆ ಒಣಗುತ್ತಿರಲಿಲ್ಲ, ಜನ ಈ ವರ್ಷ ಮಳೆ ಜೋರು ಎನ್ನುತ್ತಿದ್ದರು. ಗಬ್ಬೂರಿನಾಚೆಯ ಬಾವಿಯಲ್ಲಿ ಮಾತ್ರ ನೀರು ಇಳಿಯುತ್ತಿತ್ತು. ನಾನು ಹೋದಾಗಲೆಲ್ಲ ಗೋಡೆಯ ಮೇಲೆ ಪಾಚಿಯ ಗೆರೆ ಅಲ್ಲೇ ಇರುತ್ತಿತ್ತು, ನೀರು ಇನ್ನಷ್ಟು ಕೆಳಗೆ. ಹಿಂದೆ ನೀರಲ್ಲಿ ಮುಳುಗಿದ್ದ ಕಲ್ಲುಗಳು ಹೊರಬಿದ್ದು ಕಪ್ಪಗೆ ಬೆವರುತ್ತಿದ್ದವು. ಬಾವಿಯಿಂದ ತುಕ್ಕಿನ ವಾಸನೆ ಏಳುತ್ತಿತ್ತು.

ಒಂದು ದಿನ ಚಿಗವ್ವ ನನ್ನನ್ನು ಬಾವಿ ದಂಡೆಗೆ ಕರೆದಳು.

"ಪಾರಿವಾಳ ಕಾಣತಾವೇನು ನೋಡು" ಎಂದಳು.

ಗೋಡೆಯ ಸಂದುಗಳಲ್ಲಿ ಯಾವಾಗಲೂ ಪಾರಿವಾಳಗಳಿರುತ್ತಿದ್ದವು. ಕೊಡ ಬಿಟ್ಟರೆ ದಡದಡ ಎದ್ದು ಹಾರುತ್ತಿದ್ದವು. ಈಗ ಒಂದೂ ಇರಲಿಲ್ಲ.

"ಯಾವಾಗ ಹೋದುವು ಚಿಗವ್ವ?"

"ನನಗೂ ಮಾಲೂಮಿಲ್ಲ. ಒಮ್ಮೆಲೆ ಸಪ್ಪಳ ನಿಂತದ. ಒಳಗ ಕಲ್ಲು ಉದುರಾಕತ್ತಾವ. ರೊಟ್ಟಿ ಬಡಿಯುವಾಗ ಕೇಳ್ತದ, ಡುಬುಕ್ ಅಂತ."

ಆ ಮಾತನ್ನು ಅವಳು ಗಂಡನಿಗೂ ಹೇಳಿದ್ದಳು. ಕಾಕಾ ಅದನ್ನು ನೀರು ಇಳಿದದ್ದಕ್ಕೇ ಹಚ್ಚಿದ್ದರು. ಬಾವಿ ತುಂಬಿದ್ದರೆ ಕಲ್ಲಿಗೆ ಒಳಗಿನಿಂದ ಆಸರೆ ಇರುತ್ತದೆ, ಖಾಲಿಯಾದರೆ ಸಡಿಲುತ್ತವೆ ಎಂದು ಅವರ ವಾದ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಆ ದಿನವೇ ಡಬ್ಬಿಗಳನ್ನು ತೆರೆದೆವು. ಹಿಂದಿನ ಸಂಜೆ ತುಂತುರು ಬಿದ್ದಿತ್ತು. ಬಯಲಿನ ಡಬ್ಬಿಯಲ್ಲಿ ಸ್ವಲ್ಪ ನೀರಿತ್ತು. ತೊಗರಿ ಸಾಲಿನೊಳಗಿನ ಡಬ್ಬಿಗಳ ತಳ ಒದ್ದೆಯೂ ಆಗಿರಲಿಲ್ಲ. ಕಾಕಾ ಒಂದನ್ನು ಎತ್ತಿ ಬೋರಲು ಹಾಕಿ ಅಲುಗಾಡಿಸಿದರು. ಒಂದು ಒಣ ಎಲೆ ಬಿತ್ತು.

"ಎಲ್ಲಿಗೆ ಹೋತು ಯವ್ವಾ?"

"ಎಲಿ ಮ್ಯಾಲ ಕುಂತಿತ್ತು ಕಾಕಾ. ಬೆಳಗಿನ ಗಾಳಿಗೆ ಆರಿ ಹೋತು."

"ಅಂದ್ರ ನೆಲಕ್ಕ ಬರಲೇ ಇಲ್ಲ."

"ಇಂಥ ಸಣ್ಣ ಮಳ್ಯಾಗ ಬರಾಂಗಿಲ್ಲ. ಎಲಿ ಪೂರಾ ತೊಯ್ದ ಮ್ಯಾಲ ಕೆಳಗ ಇಳೀತದ. ಅಷ್ಟರಾಗ ಮಳಿ ನಿಂತು ಹೋತು."

ಅವರು ಖಾಲಿ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿಜಾರನ್ನು ನೋಡಿದರು. ಆ ವರ್ಷ ತೊಗರಿ ದಟ್ಟವಾಗಿ ಬೆಳೆದಿತ್ತು. ಸಾಲುಗಳ ನಡುವೆ ನೆಲವೇ ಕಾಣುತ್ತಿರಲಿಲ್ಲ. ಅದನ್ನು ನೋಡಿ ಯಾವ ಒಕ್ಕಲಿಗನಾದರೂ ಸಂತೋಷಪಡಬೇಕು. ಕಾಕಾರ ಮುಖದಲ್ಲಿ ಸಂತೋಷವಿರಲಿಲ್ಲ. ಹೊಲಕ್ಕೆ ಯಾರೋ ನುಗ್ಗಿದ್ದನ್ನು ಕಂಡವರ ಹಾಗೆ ಅವರು ಗಿಡಗಳನ್ನು ದಿಟ್ಟಿಸುತ್ತಿದ್ದರು.

ನಮ್ಮ ಮೇಲಧಿಕಾರಿಗಳು, ನಾವೆಲ್ಲ ಸರ್ ಎಂದು ಕರೆಯುತ್ತಿದ್ದವರು, ಆ ವಾರ ಊರಿಗೆ ಬಂದು ಗುಡಿಯ ಕಟ್ಟೆಯ ಮೇಲೆ ರೈತರಿಗೆ ತಿಳಿಸಿ ಹೇಳಿದರು. ಸಣ್ಣ ಮಳೆಯಲ್ಲಿ ಎಲೆ ತಡೆದ ನೀರು ಮತ್ತೆ ಗಾಳಿಗೆ ಸೇರುತ್ತದೆ, ಮೋಡವಾಗಿ ಎಲ್ಲೋ ಬೀಳಬಹುದು, ಆದರೆ ಆ ಹೊಲಕ್ಕೆ ಅದು ಸಿಗುವುದಿಲ್ಲ ಎಂದರು. ದೊಡ್ಡ ಮಳೆಯಲ್ಲಿ ಅದೇ ಎಲೆಗಳು ಹನಿಯ ಹೊಡೆತ ತಿಂದು, ನೀರನ್ನು ನಿಧಾನಕ್ಕೆ ಇಳಿಸಿ, ಮಣ್ಣನ್ನು ಕಾಯುತ್ತವೆ ಎಂದೂ ಹೇಳಿದರು. ನಾನು ಅಲ್ಲೇ ಇದ್ದೆ. ಎರಡನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿದರು. ಆದರೆ ಆ ವರ್ಷ ದೊಡ್ಡ ಮಳೆಯನ್ನು ಯಾರೂ ಕಂಡಿರಲಿಲ್ಲ. ಕಣ್ಣಿಗೆ ಬಿದ್ದದ್ದು ಮೊದಲನೆಯದು ಮಾತ್ರ. ಮರುದಿನ ಗಬ್ಬೂರಿನ ಚಹಾದಂಗಡಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಯಾರೋ ಇಬ್ಬರು ತೊಗರಿ ಮಳೆ ತಿನ್ನುವ ಬೆಳೆ ಎಂದು ಮಾತಾಡಿಕೊಳ್ಳುತ್ತಿದ್ದರು. ನಾನು ತಿರುಗಿ, ಹಾಗಲ್ಲ ಎಂದು ಹೇಳಿದೆ. ಅವರು ನಕ್ಕರು.

ಮುಂದಿನ ಸಲ ಹೋದಾಗ ಗುಡಿಸಲಿನ ಮುಂದೆ ಜಗಳ ನಡೆದಿತ್ತು. ಕಾಕಾ ತೊಗರಿ ಕೀಳಿಸಿ, ಇಳಿಜಾರನ್ನು ಟ್ರಾಕ್ಟರಿನಿಂದ ಹಸನು ಮಾಡಿಸಿ, ಮುಂದೆ ಹಿಂಗಾರಿ ಜೋಳ ಬಿತ್ತುವುದೆಂದು ತೀರ್ಮಾನಿಸಿದ್ದರು. ಅಲ್ಲಿಯತನಕ ನೆಲ ಬರಿದಾಗಿದ್ದು ಬಿದ್ದ ಹನಿಯನ್ನೆಲ್ಲ ಕುಡಿಯಲಿ, ಬಾವಿಗೆ ನೀರಿನ ಊಟೆ ಬರಲಿ, ಮೆಣಸಿನಕಾಯಿ ಉಳಿಯಲಿ ಎಂಬುದು ಅವರ ಲೆಕ್ಕ. ನಮ್ಮ ಕಡೆ ಎರೆ ಹೊಲವನ್ನು ಮುಂಗಾರಿನಲ್ಲಿ ಖಾಲಿ ಬಿಟ್ಟು ಹಿಂಗಾರಿಗೆ ಜೋಳ ಬಿತ್ತುವುದು ಹೊಸದಲ್ಲ. ಕಾಕಾರ ಅಪ್ಪನೂ ಹಾಗೆ ಮಾಡುತ್ತಿದ್ದನಂತೆ.

"ನಿಮ್ಮಪ್ಪ ಸಪಾಟ ಹೊಲದಾಗ ಬಿಡತಿದ್ದ. ಈ ಇಳಕಲದಾಗ ಒಂದು ವರ್ಷರ ಬಿಟ್ಟಿದ್ದನೇನು?" ಎಂದಳು ಚಿಗವ್ವ. "ಹೂವಿಗೆ ಬರೋ ಗಿಡ ಕೀಳ್ತೀನಿ ಅಂತಿಯಲ್ಲ, ಕೈಯರ ಹ್ಯಾಂಗ ಬರ್ತದ?"

"ಕೆಳಗ ನೀರಿಲ್ಲಂದ್ರ ಮ್ಯಾಲಿನ ಹೂವು ತಗೊಂಡು ಏನ್ ಮಾಡ್ತಿ? ಕುಡ್ಯಾಕರ ನೀರು ಬೇಕಲ್ಲ?"

ಅವರು ನನ್ನ ಕಡೆ ತಿರುಗಿದರು. "ನೀನ ಹೇಳು ಯವ್ವಾ. ಡಬ್ಬಿ ಖಾಲಿ ಇತ್ತಿಲ್ಲೋ?"

"ಇತ್ತು ಕಾಕಾ. ಆದ್ರ ಕೀಳಬ್ಯಾಡ್ರಿ. ಇದು ಸಣ್ಣ ಮಳೀ ಮಾತು. ದೊಡ್ಡದು ಒಂದ ಬಂದ್ರ ಈ ಎಲೀನ ನಿಮ್ಮ ಮಣ್ಣು ಹಿಡಿಯೂದು. ಟ್ರಾಕ್ಟರ್ ಹೊಡದು ಪುಡಿ ಮಾಡಿದ ಮಣ್ಣು ಪೆಟ್ಟು ತಡಿಯಾಂಗಿಲ್ಲ. ಮ್ಯಾಲ ಗಾರಿ ಮಾಡಿದಂಗ ಆಗಿ ನೀರು ಒಳಗ ಇಳಿಯಾಂಗಿಲ್ಲ."

"ದೊಡ್ಡದು ಎಲ್ಲ್ಯದ? ತೋರಸು."

ನಾನು ಆಕಾಶ ನೋಡಿದೆ. ಬೂದು ಮೋಡ, ತೆಳ್ಳಗೆ, ಎಲ್ಲ ಕಡೆ ಒಂದೇ ಥರ. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಸರ್‌ಗೆ ಫೋನು ಹಚ್ಚಿ ಕೊಟ್ಟೆ. ಅವರೂ ಬಹಳ ಹೊತ್ತು ಹೇಳಿದರು, ಕೊನೆಗೆ ಅರ್ಧ ಹೊಲವನ್ನಾದರೂ ಉಳಿಸಿಕೊಳ್ಳಿ ಎಂದರು. ಕಾಕಾ ಎಲ್ಲದಕ್ಕೂ ಹೌದ್ರೀ, ಹೌದ್ರೀ ಎಂದು ಫೋನು ನನಗೆ ಹಿಂತಿರುಗಿಸಿದರು. ಅವರು ಒರಟು ಮನುಷ್ಯರಲ್ಲ. ಬಾವಿ ಬತ್ತುವುದನ್ನು ದಿನವೂ ನೋಡುತ್ತ ಕೂತವರು. ಏನಾದರೂ ಮಾಡದೆ ಅವರಿಗೆ ಇರಲಾಗುತ್ತಿರಲಿಲ್ಲ.

ತೊಗರಿ ಕಿತ್ತ ದಿನ ನಾನು ನನ್ನ ತಗಡಿನ ದೋಣಿಗಳನ್ನು ತೆಗೆದುಕೊಳ್ಳಲು ಹೋಗಿದ್ದೆ. ಟ್ರಾಕ್ಟರು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓಡಾಡುತ್ತಿತ್ತು. ನೆಲದ ಬಿರುಕುಗಳೆಲ್ಲ ಮುಚ್ಚಿಹೋಗಿ, ಮಣ್ಣು ಹಿಟ್ಟಿನಂತೆ ನುಣ್ಣಗಾಯಿತು. ಚಿಗವ್ವ ಹೊರಗೆ ಬರಲೇ ಇಲ್ಲ. ಪಕ್ಕದ ಹೊಲದವರು ತಮ್ಮ ತೊಗರಿಯನ್ನು ಹಾಗೇ ಬಿಟ್ಟಿದ್ದರು. ನಾನು ದೋಣಿಗಳನ್ನು ಅಲ್ಲಿಗೆ ಸಾಗಿಸಿ ಇಟ್ಟೆ. ಕಾಕಾರ ಹೊಲದಲ್ಲಿ ಬಯಲಿನ ಡಬ್ಬಿಯೊಂದೇ ಉಳಿಯಿತು. ಹೊರಡುವಾಗ ಹಿಂದಿರುಗಿ ನೋಡಿದೆ. ಕಪ್ಪು ಇಳಿಜಾರು, ಒಂದು ಹುಲ್ಲುಕಡ್ಡಿಯೂ ಇಲ್ಲ, ಅದರ ಕೊನೆಗೆ ಬಾವಿಯ ತೆರೆದ ಬಾಯಿ. ಮನೆಗೆ ಬಂದು ಅವ್ವನಿಗೆ ಹೇಳಿದೆ.

"ಬಾವಿ ಯಾ ಕಡಿಗದ?" ಎಂದು ಕೇಳಿದಳು.

"ಕೆಳಗ."

ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿದಳು. "ಅಲ್ಲಿ ನಿಂದ್ರಬ್ಯಾಡ ನೀ" ಎಂದಳು.

ಆಮೇಲಿನ ದಿನಗಳಲ್ಲಿ ಎರಡು ಮೂರು ತುಂತುರು ಬಿದ್ದವು. ನೆಲ ಅವನ್ನು ಕುಡಿಯಿತು. ಕಾಕಾ ಖುಷಿಯಿಂದ ಫೋನು ಮಾಡಿದರು. ಮಣ್ಣು ಬೆರಳಿನಷ್ಟು ಆಳ ತೊಯ್ದಿದೆ, ತೊಗರಿಯ ಕೆಳಗೆ ಇಷ್ಟಾದರೂ ತೊಯ್ಯುತ್ತಿತ್ತೇನು ಎಂದು ಕೇಳಿದರು. ಇಲ್ಲ ಎಂದೆ. ಅದು ನಿಜವೇ. ಬಾವಿಯಲ್ಲಿ ನೀರು ಏರಿರಲಿಲ್ಲ. ಏರುತ್ತದೆ, ತಡ ಆಗುತ್ತದೆ ಎಂದರು. ಆಮೇಲೆ ಮೋಡ ಪೂರ್ತಿ ಹರಿದು, ಬೇಸಿಗೆಯಂಥ ಬಿಸಿಲು ಬಿತ್ತು. ಮಣ್ಣು ಮತ್ತೆ ಪುಡಿಯಾಯಿತು.

ಆ ಮಳೆ ಬಂದ ದಿನ ನಾನು ಮಧ್ಯಾಹ್ನದ ಬಸ್ಸಿಗೆ ಹೋಗಿದ್ದೆ. ಗುಡಿಸಲು ಮುಟ್ಟುವಷ್ಟರಲ್ಲಿ ಗಾಳಿ ನಿಂತುಹೋಯಿತು. ಕುರಿಗಳು ಮೇಯುವುದನ್ನು ಬಿಟ್ಟು, ಒಂದರ ಹೊಟ್ಟೆಗೊಂದು ತಲೆಯಿಟ್ಟು ಗುಂಪಾದವು. ನೈರುತ್ಯದ ಕಡೆ ಆಕಾಶ ಕಪ್ಪಾಗಿ, ಅಂಚಿನಲ್ಲಿ ತಾಮ್ರದ ಬಣ್ಣ ತಿರುಗಿತ್ತು. ಹಕ್ಕಿಗಳ ಸದ್ದೂ ಇರಲಿಲ್ಲ.

ಕಾಕಾ ನಗುತ್ತಿದ್ದರು. ಅಷ್ಟು ನಕ್ಕದ್ದನ್ನು ನಾನು ಹಿಂದೆ ನೋಡಿರಲಿಲ್ಲ. "ಬಂತು ನೋಡು ಯವ್ವಾ! ಇವತ್ತು ತುಂಬತದ" ಎನ್ನುತ್ತ ಬಾವಿಯ ಕಡೆ ನಡೆದರು. ನೀರು ಇಳಿದ ಹಾಗೆಲ್ಲ ಅವರು ಮೆಣಸಿನಕಾಯಿಗೆ ನೀರೆತ್ತುವ ಮೋಟರನ್ನು ಬಾವಿಯೊಳಗೆ ಕೆಳಕ್ಕೆ ಇಳಿಸುತ್ತ ಹೋಗಿದ್ದರು. ಈಗ ಬಾವಿ ತುಂಬಿದರೆ ಅದು ಮುಳುಗುತ್ತದೆ, ಬಿಚ್ಚಿ ಮೇಲೆ ತರಬೇಕು.

"ಮೋಟರ್ ಹೋದ್ರ ಹೋಗ್ಲಿ. ಇಳೀಬ್ಯಾಡ" ಎಂದು ಚಿಗವ್ವ ಬಾಗಿಲಿನಿಂದ ಕೂಗಿದಳು.

"ಮಳಿ ಇನ್ನೂ ದೂರ ಅದ. ಜಲ್ದಿ ಬರ್ತೀನಿ" ಎಂದು ಅವರು ಬಾವಿಯೊಳಗಿನ ಕಲ್ಲು ಮೆಟ್ಟಿಲಿಳಿದರು.

ಮಳೆ ದೂರವಿರಲಿಲ್ಲ. ಮೊದಲ ಹನಿಗಳು ಬಿದ್ದಾಗ ನಾನು ಇಳಿಜಾರಿನ ಅಂಚಿನಲ್ಲಿ ಬಯಲಿನ ಡಬ್ಬಿಯ ಬಳಿ ಇದ್ದೆ. ನೆಲ್ಲಿಕಾಯಿ ಗಾತ್ರದ ಹನಿಗಳು. ಪ್ರತಿ ಹನಿಗೂ ಧೂಳು ಎದ್ದು, ಮಣ್ಣಿನಲ್ಲಿ ಒಂದು ಗುಳಿ ಬೀಳುತ್ತಿತ್ತು. ಆಮೇಲೆ ಹನಿಗಳನ್ನು ಬೇರೆ ಬೇರೆಯಾಗಿ ಗುರುತಿಸಲಾಗಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಇಡೀ ಇಳಿಜಾರು ಸಾರಿಸಿದ ನೆಲದ ಹಾಗೆ ಹೊಳೆಯತೊಡಗಿತು. ನೀರು ಅದರ ಮೇಲೆ ನಿಂತಿತ್ತು, ಒಳಗೆ ಹೋಗುತ್ತಿರಲಿಲ್ಲ. ನಾನು ಬಗ್ಗಿ ಬೆರಳಿನಿಂದ ಕೆರೆದೆ. ಮೇಲೆ ಒಂದು ತೆಳ್ಳನೆಯ ಕೆಸರಿನ ಪದರ. ಅದರ ಕೆಳಗೆ, ಅಷ್ಟು ಮಳೆಯ ನಡುವೆ, ಮಣ್ಣು ಒಣ ಪುಡಿಯಾಗಿ ಬಿಸಿಯಾಗಿತ್ತು. ಅದನ್ನು ಮುಟ್ಟಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು.

ತಲೆ ಎತ್ತುವಷ್ಟರಲ್ಲಿ ನಿಂತ ನೀರು ಚಲಿಸತೊಡಗಿತ್ತು. ಇಡೀ ಹೊಲದ ಅಗಲಕ್ಕೆ ಕಂದು ಬಣ್ಣದ ಒಂದೇ ಹಾಳೆಯಾಗಿ ಕೆಳಗೆ ಜಾರುತ್ತಿತ್ತು. ನನ್ನ ಪಾದದ ಸುತ್ತಲಿನ ಮಣ್ಣು ಕರಗಿ ಹೋಗುವುದು ಗೊತ್ತಾಗುತ್ತಿತ್ತು. ಬಾವಿಯ ಮೇಲ್ಗಡೆ ಇಳಿಜಾರಿಗೆ ಅಡ್ಡಲಾಗಿ ಒಂದು ಮಣ್ಣಿನ ಒಡ್ಡು ಇತ್ತು. ನೀರು ಅದಕ್ಕೆ ಬಡಿದು ನಿಂತು ಏರಿತು, ಆಮೇಲೆ ನಡುವೆ ಒಂದು ಕಡೆ ಒಡ್ಡು ಬಾಯಿ ಬಿಟ್ಟಿತು.

"ಕಾಕಾ, ಮ್ಯಾಲ ಬರ್ರಿ! ಮ್ಯಾಲ ಬರ್ರಿ!" ಎಂದು ಕೂಗುತ್ತ ಓಡಿದೆ. ಮಳೆಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಚಿಗವ್ವ ನನಗಿಂತ ಮೊದಲೇ ಬಾವಿ ದಂಡೆಯಲ್ಲಿದ್ದಳು. ನೀರು ಒಡ್ಡಿನಿಂದ ನೇರವಾಗಿ ಮೆಟ್ಟಿಲುಗಳ ಮೇಲೆಯೇ ಧುಮುಕುತ್ತಿತ್ತು. ಕಾಕಾ ಕೆಳಗೆ, ಮೆಟ್ಟಿಲಿಗೆ ದೂರವಾಗಿ, ನಾವು ನಿಂತ ಕಡೆಯ ಗೋಡೆಗೆ ಆತು ನಿಂತಿದ್ದರು. ಮೊಣಕಾಲ ತನಕ ಕೆಸರು ನೀರು. ಅವರು ಮೇಲೆ ನೋಡುತ್ತಿದ್ದರು. ಬಾಯಿ ತೆರೆದಿತ್ತು, ಏನು ಹೇಳುತ್ತಿದ್ದಾರೆಂದು ಕೇಳಲಿಲ್ಲ.

ಚಿಗವ್ವ ಕೊಡ ಬಿಚ್ಚಿ ಬಿಸಾಡಿ ಹಗ್ಗವನ್ನು ಈ ಕಡೆಯಿಂದ ಇಳಿಬಿಟ್ಟಳು. "ನಡಕ್ಕ ಕಟಗೋ! ನಡಕ್ಕ!" ಎಂದು ತನ್ನ ಸೊಂಟ ತೋರಿಸಿ ತೋರಿಸಿ ಕೂಗಿದಳು. ಅವರು ಕಟ್ಟಿಕೊಂಡರು. ನಾವಿಬ್ಬರೂ ಹಗ್ಗವನ್ನು ಬಾವಿಯ ಕಲ್ಲಿನ ಕಂಬಕ್ಕೆ ಒಂದು ಸುತ್ತು ಹಾಕಿ ಜಗ್ಗಿದೆವು. ಅವರು ಕಲ್ಲಿನ ಸಂದುಗಳಲ್ಲಿ ಕಾಲಿಡುತ್ತ, ಜಾರುತ್ತ, ಮತ್ತೆ ಕಾಲಿಡುತ್ತ ಮೇಲೆ ಬಂದರು. ಹಗ್ಗ ನನ್ನ ಅಂಗೈಯ ಚರ್ಮ ಕಿತ್ತಿತು. ಅವರ ಕೈ ದಂಡೆಗೆ ತಾಗಿದ ಹೊತ್ತಿಗೆ ಎದುರಿನ ಗೋಡೆ ಮೆಟ್ಟಿಲುಗಳ ಸಮೇತ ಒಳಕ್ಕೆ ಕುಸಿಯಿತು. ನೆಲ ನಡುಗಿತು. ಒಂದು ಕಲ್ಲು ಪುಟಿದು ಬಂದು ಅವರ ಕಾಲಿಗೆ ಬಡಿಯಿತು. ಚಿಗವ್ವ ಅವರ ತೋಳಿಗೆ ಕೈಹಾಕಿ ಎಳೆದಳು, ನಾನು ಅಂಗಿ ಹಿಡಿದು ಎಳೆದೆ. ಮೂವರೂ ಹಿಂದಕ್ಕೆ ಬಿದ್ದು, ಕೆಸರಿನಲ್ಲಿ ತೆವಳಿಕೊಂಡು ದಿಬ್ಬದ ಕಡೆ ಸರಿದೆವು. ನಮ್ಮ ಬೆನ್ನ ಹಿಂದೆ ಕಲ್ಲುಗಳು ಒಂದೊಂದಾಗಿ ಬೀಳುತ್ತಲೇ ಇದ್ದವು.

ಮಳೆ ಬಹಳ ಹೊತ್ತು ಇರಲಿಲ್ಲ. ಅದು ನಿಂತ ಮೇಲೆ ಬಿಸಿಲೂ ಬಿತ್ತು. ಹಳ್ಳ ಮಾತ್ರ ಕೆಳಗೆ ಮೊರೆಯುತ್ತಿತ್ತು. ಬಾವಿ ಇದ್ದ ಕಡೆ ಕೆಸರು ತುಂಬಿದ ಒಂದು ಗುಂಡಿ, ಅದರ ಮೇಲೆ ಹಳದಿ ನೊರೆ ನಿಧಾನಕ್ಕೆ ತಿರುಗುತ್ತಿತ್ತು. ಮೆಣಸಿನಕಾಯಿ ಮಡಿಗಳು ಎಲ್ಲಿದ್ದವೆಂದು ಗುರುತು ಸಿಗಲಿಲ್ಲ. ಇಳಿಜಾರಿನಲ್ಲಿ ಕಪ್ಪು ಮಣ್ಣು ಹೋಗಿ, ಕೆಳಗಿನ ಬಿಳಿ ಗರಸು ಕಲ್ಲು ಅಲ್ಲಲ್ಲಿ ಎಲುಬಿನಂತೆ ಹೊರಬಿದ್ದಿತ್ತು. ಪಕ್ಕದ ಹೊಲದಲ್ಲಿ ತೊಗರಿ ಒಂದು ಕಡೆ ವಾಲಿತ್ತು, ಕೆಲವು ಟೊಂಗೆ ಮುರಿದಿದ್ದವು. ಸಾಲುಗಳೊಳಗೆ ನೀರು ಹರಿದ ಗುರುತಿತ್ತು, ಆದರೆ ಮಣ್ಣು ಅಲ್ಲೇ ಇತ್ತು. ಎಲೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಆ ಎರಡು ಹೊಲಗಳ ನಡುವೆ ಒಂದು ಬದುವಿನಷ್ಟೇ ಅಂತರ.

ಪಕ್ಕದ ಹೊಲದವರು ಕಾಕಾರನ್ನು ಟ್ರಾಕ್ಟರಿನಲ್ಲಿ ಮಲಗಿಸಿ ಗಬ್ಬೂರಿಗೆ ತಂದರು. ಅಲ್ಲಿಂದ ಅಂಬುಲೆನ್ಸಿನಲ್ಲಿ ರಾಯಚೂರು. ಕಾಲಿನ ಎಲುಬು ಮುರಿದಿತ್ತು. ಆಸ್ಪತ್ರೆಗೆ ಅವ್ವ ದಿನವೂ ರೊಟ್ಟಿ ಕಟ್ಟಿಕೊಂಡು ಹೋದಳು. ಅವಳೂ ಚಿಗವ್ವನೂ ಹೊರಗಿನ ಕಟ್ಟೆಯ ಮೇಲೆ ಒಂದೇ ಗಂಟು ಬಿಚ್ಚಿ ಕೂತು ಉಣ್ಣುತ್ತಿದ್ದರು. ಬಾವಿಯ ಸುದ್ದಿ ಇಬ್ಬರೂ ಎತ್ತುತ್ತಿರಲಿಲ್ಲ.

ಒಂದು ಸಂಜೆ ಕಾಕಾ ನನ್ನನ್ನು ಹತ್ತಿರ ಕರೆದರು.

"ಡಬ್ಬ್ಯಾಗ ಸುಳ್ಳಿರಲಿಲ್ಲಲ್ಲ ಯವ್ವಾ?"

"ಇರಲಿಲ್ಲ ಕಾಕಾ."

"ಮತ್ತ ಹಿಂಗ್ಯಾಕಾತು?"

ನಾನು ಹೇಳಿದೆ. ಸಣ್ಣ ಮಳೆಯಲ್ಲಿ ಎಲೆ ಇಟ್ಟುಕೊಳ್ಳುವುದು ಎಷ್ಟೋ, ದೊಡ್ಡ ಮಳೆಯಲ್ಲೂ ಹೆಚ್ಚು ಕಡಿಮೆ ಅಷ್ಟೇ. ಉಳಿದದ್ದೆಲ್ಲ ನೆಲಕ್ಕೇ ಬರುತ್ತದೆ, ಮೆಲ್ಲಗೆ ಬರುತ್ತದೆ. ಮೆಲ್ಲಗೆ ಬಂದರೆ ಮಣ್ಣು ತೆರೆದೇ ಇರುತ್ತದೆ, ಬಾವಿಗೆ ಸೇರುವ ನೀರು ಅದೇ ಎಂದೆ. ಅವರು ಗೋಡೆಯ ಕಡೆ ಮುಖ ಮಾಡಿ ಕೇಳಿದರು. ಕೇಳಿ ಮುಗಿದ ಮೇಲೂ ತಿರುಗಲಿಲ್ಲ.

"ಈಗ ಹೇಳಿ ಏನು ಮಾಡ್ತಿ ಬೇ, ಬಿಡು" ಎಂದಳು ಚಿಗವ್ವ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು.

ಕಾಕಾ ಈಗ ಕೋಲು ಹಿಡಿದು ನಡೆಯುತ್ತಾರೆ. ಬಾವಿಯನ್ನು ಮತ್ತೆ ತೋಡಿಸಲು ಕೆಲಸದವರನ್ನು ಕರೆಸಿದ್ದರು. ಅವರು ಗುಂಡಿಯ ಸುತ್ತ ನಡೆದು, ಕಾಲಿನಿಂದ ಮಣ್ಣು ಒತ್ತಿ ನೋಡಿ, ಇಲ್ಲಿ ಗೋಡೆ ನಿಲ್ಲುವುದಿಲ್ಲ ಎಂದು ಹೊರಟುಹೋದರು. ಕುಡಿಯುವ ನೀರನ್ನು ಊರಿನ ನಲ್ಲಿಯಿಂದ ಹೊತ್ತು ತರುತ್ತಾರೆ. ನಮ್ಮ ಅಳತೆಯ ಕೆಲಸ ಪಕ್ಕದ ಹೊಲದಲ್ಲಿ ಮುಂದುವರಿದಿದೆ, ಹಾಗಾಗಿ ನಾನು ಈಗಲೂ ಹೋಗುತ್ತೇನೆ.

ಈ ಮುಂಗಾರಿನಲ್ಲಿ ಚಿಗವ್ವ ಇಳಿಜಾರಿಗೆ ಮತ್ತೆ ತೊಗರಿ, ಮಡಿಕೆ ಬಿತ್ತಿದಳು. ಮೊನ್ನೆ ನೋಡಲು ಹೋಗಿದ್ದೆ. ಮಣ್ಣು ಉಳಿದ ಕಡೆ ಗಿಡಗಳು ಮೊಣಕಾಲೆತ್ತರ ಬಂದಿದ್ದವು. ಗರಸು ಎದ್ದ ಕಡೆ ಅವು ಗೇಣುದ್ದಕ್ಕೇ ನಿಂತು ಹಳದಿಯಾಗಿದ್ದವು. ಒಂದರ ಎಲೆ ಇನ್ನೊಂದಕ್ಕೆ ತಾಗುತ್ತಿರಲಿಲ್ಲ, ನಡುವೆಲ್ಲ ಬರಿ ನೆಲ. ಮಡಿಕೆ ಬಳ್ಳಿ ಹಬ್ಬಲು ಹೋಗಿ ಅಲ್ಲಲ್ಲೇ ಕರಕಲಾಗಿತ್ತು.

"ಮೂರು ಸಲ ಬಿತ್ತೀನಿ ಈ ಜಾಗದಾಗ" ಎಂದಳು. "ಏಳಾಂಗಿಲ್ಲ."

ಇಳಿಜಾರಿಗೆ ಮೇಲ್ಗಡೆಯ ಎರಡು ಹೊಲಗಳನ್ನು ಹೊಸಬರು ಗುತ್ತಿಗೆಗೆ ಹಿಡಿದಿದ್ದರು. ಅವನ್ನು ಹಿಂಗಾರಿಗೆಂದು ಟ್ರಾಕ್ಟರು ಹೊಡೆಸಿ ನುಣ್ಣಗೆ ಮಾಡಿಟ್ಟಿದ್ದರು. ಕಾಕಾ ಕೋಲೂರಿಕೊಂಡು ಅಲ್ಲಿಯತನಕ ಹತ್ತಿ ಹೋಗಿ, ನೆಲವನ್ನು ಹೀಗೆ ಬರಿದು ಬಿಡಬೇಡಿ ಎಂದು ಅವರಿಗೆ ಹೇಳಿ ಬಂದಿದ್ದರಂತೆ. ಅವರು ಮರ್ಯಾದೆಯಿಂದ ಕೂರಿಸಿ ಚಹಾ ಕೊಟ್ಟು ಕಳಿಸಿದ್ದರು.

ನಾನು ಹೊರಡುವಾಗ ಮತ್ತೆ ಗಾಳಿ ನಿಂತಿತ್ತು. ಚಿಗವ್ವ ಆಕಾಶ ನೋಡಿ, "ಜಲ್ದಿ ಹೋಗು ಬೇ, ಬಸ್ ತಪ್ಪೀತು" ಎಂದಳು. ಬಸ್ಸು ಗಬ್ಬೂರು ಬಿಟ್ಟು ರಾಯಚೂರಿನ ದಾರಿ ಹಿಡಿದಾಗ ಕಿಟಕಿಯಿಂದ ನೋಡುತ್ತಿದ್ದೆ. ಹಸಿರಿನ ನಡುನಡುವೆ ಕಪ್ಪು ಇಳಿಜಾರುಗಳು, ಒಂದಾದ ಮೇಲೊಂದು, ಹಸನಾಗಿ, ಬರಿದಾಗಿ. ಅವುಗಳ ಮೇಲೆ ಮೋಡದ ನೆರಳು ಹರಿದು ಹೋಗುತ್ತಿತ್ತು. ಚಿಗವ್ವನಿಗೆ ಫೋನು ಹಚ್ಚಿದೆ. ಕಾಕಾ ಎತ್ತಿಕೊಂಡರು.

"ಬಂತೇನ್ರಿ ಅಲ್ಲಿ?"

"ಬರಾಕತ್ತಾದ ಯವ್ವಾ" ಎಂದರು. ಹಿಂದೆ ಕುರಿಗಳ ಸದ್ದು, ಚಿಗವ್ವ ಯಾವುದನ್ನೋ ಹೆಸರು ಹಿಡಿದು ಕರೆಯುವುದು ಕೇಳುತ್ತಿತ್ತು. "ನಾವು ಗುಡಸಲ ಬಿಟ್ಟು ಊರ ಕಡಿಗೆ ಹೊಂಟೀವಿ."